ಮೆಕೆಂಜಿಯ ಕೈಫಿಯತ್ತುಗಳನ್ನು ಬರೆದವರು ಯಾರು? ಕಂಪನಿ ಕಾಲದ ಮುನ್ಷಿ, ದುಭಾಷಿ, ಬರಹಗಾರರ ಕೆಲಸದ ಬಗೆ

ಈಸ್ಟ್ ಇಂಡಿಯಾ ಕಂಪನಿಯ ಸರ್ವೆ ಅಧಿಕಾರಿ ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹವನ್ನು, ಅದರಲ್ಲೂ ಊರಿನವರ ಹೇಳಿಕೆಗಳನ್ನು ಬರೆದಿಟ್ಟ ಕೈಫಿಯತ್ತುಗಳನ್ನು ಬಿಟ್ಟು ಕರ್ನಾಟಕದ ಊರುಗಳ, ಪಾಳೆಯಗಾರರ, ಮಠಗಳ ಇತಿಹಾಸ ಬರೆಯುವುದು ಕಷ್ಟ. ಮೆಕೆಂಜಿ 1821ರಲ್ಲಿ ತೀರಿಕೊಂಡ. ಎಚ್. ಎಚ್. ವಿಲ್ಸನ್ 1828ರಲ್ಲಿ ಹೊರತಂದ ಸೂಚಿಯ ಪ್ರಕಾರ ಆ ಸಂಗ್ರಹದಲ್ಲಿ 1,568 ಹಸ್ತಪ್ರತಿಗಳು, 2,070 ಸ್ಥಳೀಯ ಬರಹಗಳು, 8,076 ಶಾಸನಗಳ ನಕಲುಗಳು, 6,218 ನಾಣ್ಯಗಳು ಇದ್ದವು. ಇಷ್ಟನ್ನೂ ಕೂಡಿಸಿದವನಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. 1817ರಲ್ಲಿ ಅಲೆಕ್ಸಾಂಡರ್ ಜಾನ್‌ಸ್ಟನ್‌ಗೆ ಬರೆದ ಕಾಗದದಲ್ಲಿ ಅವನೇ ಇದನ್ನು ಒಪ್ಪಿಕೊಂಡಿದ್ದಾನೆ. ತನಗೆ ಭಾಷಾಜ್ಞಾನ ಇಲ್ಲ, ಭಾರತದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಒಬ್ಬ ಬ್ರಾಹ್ಮಣ ಯುವಕನ ಸ್ನೇಹದಿಂದ ಎಂದು ಅದರಲ್ಲಿ ಹೇಳಿದ್ದಾನೆ. ಆ ಯುವಕ ಏಲೂರಿನ ಕಾವಲಿ ವೆಂಕಟ ಬೋರಯ್ಯ.

ಕಂಪನಿ ಕಾಲದ ಯಾವುದೇ ಇಂಗ್ಲಿಷ್ ವರದಿ ತೆಗೆದರೂ ಕೊನೆಯಲ್ಲಿ ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ಊರಿನವರ ಮಾತು ಆ ಸಹಿಯವರೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಜನರ ಕೈ ದಾಟಿರುತ್ತದೆ. ಹೇಳಿದವನು ಒಬ್ಬ, ಬರೆದುಕೊಂಡವನು ಇನ್ನೊಬ್ಬ, ಶುದ್ಧಪ್ರತಿ ಮಾಡಿದವನು ಮತ್ತೊಬ್ಬ, ಇಂಗ್ಲಿಷಿಗೆ ತಂದವನು ಮಗದೊಬ್ಬ. ಒಂದೊಂದು ಕೈಯಲ್ಲಿ ಏನಾಗುತ್ತಿತ್ತು, ಎಲ್ಲಿ ತಪ್ಪುತ್ತಿತ್ತು, ಯಾಕೆ ತಪ್ಪುತ್ತಿತ್ತು ಎಂಬುದು ಗೊತ್ತಿಲ್ಲದೆ ಈ ದಾಖಲೆಗಳನ್ನು ನಂಬುವುದೂ ಸಲ್ಲದು, ತಳ್ಳಿಹಾಕುವುದೂ ಸಲ್ಲದು.

ಯಾರು ಏನು ಮಾಡುತ್ತಿದ್ದರು

ಹುದ್ದೆಗಳ ಹೆಸರು ಒಂದರೊಳಗೊಂದು ಬೆರೆತಿವೆ. ಆದರೂ ಕೆಲಸ ಬೇರೆ ಬೇರೆ.

ದುಭಾಷಿ ಬಂದರು ಪಟ್ಟಣಗಳ ಮನುಷ್ಯ. ಮದರಾಸು, ಪುದುಚೇರಿಗಳಲ್ಲಿ ಯುರೋಪಿನವರ ವ್ಯಾಪಾರ ನಡೆಯುತ್ತಿದ್ದದ್ದೇ ಇವನ ಮೂಲಕ. ಮಾತು ತಿಳಿಸುವುದು ಅವನ ಕೆಲಸದ ಒಂದು ಭಾಗ ಮಾತ್ರ. ನೇಕಾರರಿಗೆ ಮುಂಗಡ ಕೊಡುವುದು, ಮಾಲು ಹೊಂದಿಸುವುದು, ಮನೆಯ ಆಳುಕಾಳುಗಳನ್ನು ಗೊತ್ತುಮಾಡುವುದು, ಬೇಕಾದಾಗ ತನ್ನ ದೊರೆಗೇ ಸಾಲ ಕೊಡುವುದು, ಎಲ್ಲವೂ ಅವನದೇ. ಪುದುಚೇರಿಯಲ್ಲಿ ಡ್ಯೂಪ್ಲೆ ಗವರ್ನರ್ ಆಗಿದ್ದಾಗ 1747ರಲ್ಲಿ ಮುಖ್ಯ ದುಭಾಷಿಯಾದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದಿಟ್ಟ. ಬಟ್ಟೆಯ ವ್ಯಾಪಾರ, ನವಾಬರ ರಾಜಕಾರಣ, ಗವರ್ನರನ ಮನೆಯ ಜಗಳ ಎಲ್ಲವೂ ಒಬ್ಬನ ಕೈಯಲ್ಲೇ ಹಾದುಹೋಗುತ್ತಿದ್ದವು ಎಂಬುದು ಅದರಲ್ಲಿ ಕಾಣುತ್ತದೆ. ಹೊಸದಾಗಿ ಹಡಗಿಳಿದ ಇಂಗ್ಲಿಷ್ ಹುಡುಗನಿಗೆ ಸಂಬಳ ಕಡಿಮೆ, ಖರ್ಚು ಹೆಚ್ಚು. ದುಭಾಷಿಯ ಸಾಲದಲ್ಲಿ ಬಿದ್ದವನಿಗೆ ದುಭಾಷಿಯನ್ನು ಪ್ರಶ್ನಿಸುವ ಧೈರ್ಯ ಬರುವುದಿಲ್ಲ. ದುಭಾಷಿಗಳ ಬಲದ ಬೇರು ಇಲ್ಲಿತ್ತು.

ಮುನ್ಷಿ ಎಂದರೆ ಮೂಲದಲ್ಲಿ ಪಾರಸಿ ಪತ್ರವ್ಯವಹಾರ ಬಲ್ಲ ಬರಹಗಾರ. ಕಂಪನಿ ಮತ್ತು ದೇಶೀಯ ಆಸ್ಥಾನಗಳ ನಡುವಿನ ಕಾಗದಗಳು ಬಹುಕಾಲ ಪಾರಸಿಯಲ್ಲೇ ಹೋಗುತ್ತಿದ್ದವು. ಕಚೇರಿ, ನ್ಯಾಯಾಲಯಗಳಿಂದ ಪಾರಸಿಯನ್ನು ಕೈಬಿಡಲು ದಾರಿ ಮಾಡಿದ್ದು 1837ರ ಕಾಯಿದೆ. ಕ್ರಮೇಣ ಇಂಗ್ಲಿಷಿನವರಿಗೆ ಯಾವ ಭಾಷೆ ಕಲಿಸುವವನನ್ನೂ ಮುನ್ಷಿ ಎಂದೇ ಕರೆಯತೊಡಗಿದರು; ಪಾರಸಿಯ ಗಂಧವೇ ಇಲ್ಲದ ಕನ್ನಡ ಪಂಡಿತನೂ ಮುನ್ಷಿಯೇ ಆದ.

ಶಿರಸ್ತೇದಾರ ಕಲೆಕ್ಟರನ ಕಚೇರಿಯ ಅಥವಾ ನ್ಯಾಯಾಲಯದ ದೇಶೀಯ ವಿಭಾಗದ ಮುಖ್ಯಸ್ಥ. ಅರ್ಜಿಗಳು ಅವನ ಮೇಜು ದಾಟಿಯೇ ದೊರೆಯ ಮುಂದೆ ಬರಬೇಕು. ಅವನ ಕೈಕೆಳಗೆ ಗುಮಾಸ್ತರು. ಇವರಲ್ಲಿ ಮರಾಠಿ ಬರಹಗಾರರು ಬೇರೆಯೇ ಒಂದು ಗುಂಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರ್ನಾಟಕದ ದಾಖಲೆ ಓದುವವರು ಹೆಚ್ಚು ಮುಗ್ಗರಿಸುವುದು ಇಲ್ಲೇ. ಊರಿನ ಶಾನಭೋಗ ಕನ್ನಡದಲ್ಲಿ ಲೆಕ್ಕ ಇಡುತ್ತಿದ್ದ. ಆದರೆ ಮೇಲಿನ ಕಚೇರಿಗಳಲ್ಲಿ, ಮೈಸೂರು ಸೀಮೆಯಲ್ಲೂ ಬಳ್ಳಾರಿ ಕಡೆಯಲ್ಲೂ, ಮರಾಠಿ ಲೆಕ್ಕ, ಮರಾಠಿಯ ಓಟದ ಬರಹವಾದ ಮೋಡಿ ಲಿಪಿ ಬಲವಾಗಿ ಬೇರೂರಿತ್ತು. 1818ರ ನಂತರ ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಸೀಮೆಯಲ್ಲಂತೂ ಕಚೇರಿ, ಶಾಲೆ ಎರಡರಲ್ಲೂ ಮರಾಠಿಯದೇ ಮೇಲುಗೈ. ಕನ್ನಡ ತನ್ನ ಜಾಗ ಪಡೆಯಲು ದಶಕಗಳೇ ಹಿಡಿದವು. ಹಾಗಾಗಿ ಒಂದು ಕನ್ನಡ ಹೇಳಿಕೆ ಇಂಗ್ಲಿಷಿಗೆ ನೇರವಾಗಿ ಬಂದಿದೆ ಎಂದು ಎಣಿಸುವಂತಿಲ್ಲ. ನಡುವೆ ಮರಾಠಿಯ ಒಂದು ಮಜಲು ಇದ್ದಿರಬಹುದು. ಇಂಗ್ಲಿಷ್ ಪ್ರತಿಯಲ್ಲಿ ಕನ್ನಡದ ಊರಿನ ಹೆಸರಿಗೆ ಮರಾಠಿಯ ಉಚ್ಚಾರ ಅಂಟಿಕೊಂಡಿದ್ದರೆ ಅದು ಈ ಮಜಲಿನ ಗುರುತು.

ಮಂಗಳೂರಿನ ಕಡೆ ಇನ್ನೂ ಒಂದು ತೊಡಕು. ಸಾಕ್ಷಿ ನುಡಿಯುವವನು ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳುತ್ತಾನೆ, ಗುಮಾಸ್ತ ಕನ್ನಡದಲ್ಲಿ ಬರೆಯುತ್ತಾನೆ, ದೊರೆ ಇಂಗ್ಲಿಷಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಿ ರುಜು ಹಾಕಿಸುವಾಗಲೂ ಅವನು ಕೇಳಿಸಿಕೊಳ್ಳುವುದು ತಾನು ಆಡಿದ ಮಾತನ್ನಲ್ಲ, ಗುಮಾಸ್ತನ ಕನ್ನಡವನ್ನು.

ದೊರೆಗಳು ಭಾಷೆ ಕಲಿತ ಬಗೆ

ಈ ಅವಲಂಬನೆ ಕಂಪನಿಗೂ ಗೊತ್ತಿತ್ತು, ಹೆದರಿಕೆಯೂ ಇತ್ತು. ಆ ಹೆದರಿಕೆಗೆ ಮುಖ್ಯ ಕಾರಣ ಮದರಾಸಿನ ಒಂದು ಮೊಕದ್ದಮೆ. ಹಂಗಾಮಿ ಗವರ್ನರ್ ಆಗಿದ್ದ ಜಾನ್ ಹಾಲಂಡ್‌ನ ದುಭಾಷಿ ಅವಧಾನಂ ಪಾಪಯ್ಯ, ರೆವಿನ್ಯೂ ಮಂಡಳಿಯ ಡೇವಿಡ್ ಹ್ಯಾಲಿಬರ್ಟನ್‌ನನ್ನು ಹುದ್ದೆಯಿಂದ ಇಳಿಸಲು ಸುಳ್ಳು ಪ್ರಮಾಣಪತ್ರಗಳನ್ನು ಸೃಷ್ಟಿಸಿದನೆಂಬ ಆರೋಪ ಬಂತು. 1792ರಲ್ಲಿ ತಪ್ಪಿತಸ್ಥನೆಂದು ತೀರ್ಪಾಯಿತು. ಆಮೇಲೆ ದುಭಾಷಿಗಳನ್ನು ಬೈಯುವುದು ಇಂಗ್ಲಿಷ್ ಬರಹಗಳಲ್ಲಿ ವಾಡಿಕೆಯಾಗಿ ಹೋಯಿತು. ಆ ಬೈಗುಳದ ಒಂದು ಭಾಗ ನಿಜ. ಇನ್ನೊಂದು ಭಾಗದಲ್ಲಿ ದೊರೆಗಳ ಲಂಚಕೋರತನವನ್ನು ದುಭಾಷಿಯ ತಲೆಗೆ ಕಟ್ಟಿದ್ದಾರೆ. ಪಾಪಯ್ಯನ ಪ್ರಕರಣದಲ್ಲೂ ಅವನ ಬೆನ್ನ ಹಿಂದೆ ಅಧಿಕಾರದಲ್ಲಿದ್ದವರು ಇದ್ದರು.

ಪರಿಹಾರವೆಂದರೆ ಅಧಿಕಾರಿಗಳೇ ಭಾಷೆ ಕಲಿಯಬೇಕು. ಕಲ್ಕತ್ತದಲ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜು, ಮದರಾಸಿನಲ್ಲಿ 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾದವು. ಎರಡನೆಯದರ ಬೆನ್ನೆಲುಬು ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್. ಹೊಸ ನೌಕರರು ದಕ್ಷಿಣದ ಭಾಷೆಗಳಲ್ಲಿ ಪಳಗಿ ಪರೀಕ್ಷೆ ಮುಗಿಸಿಯೇ ಜಿಲ್ಲೆಗಳಿಗೆ ಹೋಗಬೇಕು ಎಂಬುದು ಉದ್ದೇಶ. ಈ ಕಾಲೇಜು ದೇಶೀಯ ಶಿಕ್ಷಕರನ್ನೂ ಒಟ್ಟಿಗೆ ತರಬೇತು ಮಾಡುತ್ತಿತ್ತು. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಸಾಧನೆ, ಏಕೆಂದರೆ ಬೇರೆ ಬೇರೆ ಭಾಷೆಗಳ ಪಂಡಿತರು ಒಂದೇ ಜಾಗದಲ್ಲಿ ಕೂತು ತಮ್ಮ ವ್ಯಾಕರಣಗಳನ್ನು ಹೋಲಿಸಿ ನೋಡಲು ಅವಕಾಶವಾದದ್ದು ಅಲ್ಲಿ.

ಪಾಠದ ಕ್ರಮ ಹೀಗೆ: ಮೊದಲು ಅಕ್ಷರ, ಕಾಗುಣಿತ, ಒತ್ತಕ್ಷರ. ಆಮೇಲೆ ಕತೆಗಳ ಓದು. ಅದಾದ ಮೇಲೆ ಅರ್ಜಿಗಳು, ಕಚೇರಿಯ ಕಾಗದಗಳು. ಪರೀಕ್ಷೆಯಲ್ಲಿ ಅರ್ಜಿಯನ್ನು ಓದಿ ಇಂಗ್ಲಿಷಿಗೆ ತರಬೇಕು, ಇಂಗ್ಲಿಷಿನದನ್ನು ಈ ಕಡೆಗೆ ತರಬೇಕು, ಮಾತಾಡಿ ತೋರಿಸಬೇಕು. ಅರ್ಜಿ ಓದುವುದು ಕೇಳಿದಷ್ಟು ಸುಲಭವಲ್ಲ. ಕಚೇರಿಯ ಓಟದ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ವಾಕ್ಯ ಎಲ್ಲಿ ಮುಗಿಯಿತೆಂದು ತೋರಿಸುವ ಗುರುತಿಲ್ಲ. ಹಳೆಯ ಬರವಣಿಗೆಯಲ್ಲಿ ಎಕಾರ ಏಕಾರಗಳನ್ನೂ ಒಕಾರ ಓಕಾರಗಳನ್ನೂ ಬೇರೆ ಮಾಡಿ ತೋರಿಸುವ ರೂಢಿಯೂ ಗಟ್ಟಿಯಾಗಿರಲಿಲ್ಲ. ಅಚ್ಚಿನ ಅಕ್ಷರದಲ್ಲಿ ಸರಾಗವಾಗಿ ಓದುತ್ತಿದ್ದವನು ಶಾನಭೋಗನ ಕಾಗದ ಕಂಡರೆ ನಿಂತುಬಿಡುತ್ತಿದ್ದ.

ಇನ್ನೊಂದು ಕೊರತೆ ಪಾಠದೊಳಗೇ ಇತ್ತು. ಪಂಡಿತನಿಗೆ ಗೌರವ ಇರುವುದು ಗ್ರಂಥದ ಭಾಷೆಯ ಮೇಲೆ, ಕಲಿಸುವುದೂ ಅದನ್ನೇ. ಆ ಕನ್ನಡದಲ್ಲಿ ರೈತನ ಜೊತೆ ಜಮಾಬಂದಿಯ, ಅಂದರೆ ವರ್ಷದ ಕಂದಾಯದ ಲೆಕ್ಕದ, ಮಾತಾಡಲು ಬರುವುದಿಲ್ಲ. ಮೇಲಾಗಿ ಶಿಷ್ಯನೇ ಯಜಮಾನ. ತಪ್ಪನ್ನು ಖಂಡಿತವಾಗಿ ತಿದ್ದುವುದು ಸಂಬಳಕ್ಕೆ ನಿಂತ ಗುರುವಿಗೆ ಸಲೀಸಾದ ಕೆಲಸವಲ್ಲ. ಪರೀಕ್ಷೆ ಮುಗಿಸಿದ ಎಷ್ಟೋ ಅಧಿಕಾರಿಗಳು ಜಿಲ್ಲೆಗೆ ಹೋದ ಮೇಲೂ ಶಿರಸ್ತೇದಾರನನ್ನೇ ನೆಚ್ಚಿದ್ದು ಇದರಿಂದ.

ಆದರೆ ಈ ಗುರುಗಳು ಹುಟ್ಟಿಸಿದ ವಿದ್ಯೆ ಸಣ್ಣದಲ್ಲ. ತೆಲುಗು, ಕನ್ನಡ, ತಮಿಳುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಒಂದು ಬೇರೆ ಕುಲ ಎಂದು ಎಲ್ಲಿಸ್ 1816ರಲ್ಲಿ ಆಧಾರ ಸಮೇತ ತೋರಿಸಿದ. ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ ಇದನ್ನು ವಿಸ್ತಾರವಾಗಿ ಬರೆದದ್ದು ಅದಕ್ಕೆ 40 ವರ್ಷಗಳ ನಂತರ, 1856ರಲ್ಲಿ. ಎಲ್ಲಿಸ್‌ನ ವಾದ ನಿಂತಿರುವುದು ಧಾತುಗಳ ಪಟ್ಟಿಯ ಮೇಲೆ. ಸಂಸ್ಕೃತದ ಧಾತುಗಳು ಒಂದು ಕಡೆ, ತೆಲುಗಿನವು ಒಂದು ಕಡೆ. ಆಮೇಲೆ ತೆಲುಗು, ಕನ್ನಡ, ತಮಿಳು ಅಕ್ಕಪಕ್ಕ. ಈ ಕೆಲಸಕ್ಕೆ ಕಾಲೇಜಿನ ಮುಖ್ಯ ಪಂಡಿತ ಪಟ್ಟಾಭಿರಾಮ ಶಾಸ್ತ್ರಿ ಸಿದ್ಧಪಡಿಸಿದ ಪಟ್ಟಿಗಳು ನೆರವಾದವು. ಎಲ್ಲಿಸ್‌ನ ಶಿರಸ್ತೇದಾರನಾಗಿದ್ದ ಶಂಕರಯ್ಯನೂ ಈ ವಿದ್ವಾಂಸರ ಬಳಗದಲ್ಲಿದ್ದ. ದೇಶೀಯ ವ್ಯಾಕರಣ ಪರಂಪರೆ ತತ್ಸಮ, ತದ್ಭವ, ದೇಶ್ಯ ಎಂದು ಮೊದಲೇ ವಿಂಗಡಿಸಿ ಇಟ್ಟಿರದಿದ್ದರೆ ಎಲ್ಲಿಸ್‌ಗೆ ಈ ದಾರಿ ಸಿಗುತ್ತಿರಲಿಲ್ಲ.

ಕನ್ನಡಕ್ಕೂ ಇದರ ಫಲ ಸಿಕ್ಕಿತು. ವಿಲಿಯಂ ಕ್ಯಾರಿ 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣ ಹೊರತಂದದ್ದು ಕರ್ನಾಟಕಕ್ಕೆ ಕಾಲಿಡದೆ; ಪಂಡಿತರ ನೆರವಿಲ್ಲದೆ ಅದು ಆಗುವ ಕೆಲಸವಲ್ಲ. ಮದರಾಸಿನಲ್ಲಿ ದೊರೆಗಳಿಗೆ ಕನ್ನಡ ಕಲಿಸುತ್ತಿದ್ದ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯ 1838ರಲ್ಲಿ ‘ಹೊಸಗನ್ನಡ ನುಡಿಗನ್ನಡಿ’ ಬರೆದ. ಹೊಸಗನ್ನಡವನ್ನು ಹೊಸಗನ್ನಡ ಗದ್ಯದಲ್ಲೇ ವಿವರಿಸಿದ ಮೊದಮೊದಲ ವ್ಯಾಕರಣ ಅದು. ಪರಭಾಷೆಯವನಿಗೆ ಕಲಿಸಬೇಕಾದ ಒತ್ತಡವೇ ಅಂಥ ಪುಸ್ತಕವನ್ನು ಬರೆಸಿತು.

ಮೈಸೂರು ಸರ್ವೆ: ಮಾತು ಕಾಗದವಾಗುವ ಹಾದಿ

ಟಿಪ್ಪು 1799ರ ಮೇ 4ರಂದು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಮೆಕೆಂಜಿಯ ಪಾಲಿಗೆ ಬಂತು. ಸುಮಾರು 40,000 ಚದರ ಮೈಲಿ ನೆಲ. ಅಳತೆ, ನಕ್ಷೆಗೆ ಯುರೋಪಿನ ಸಹಾಯಕರು ಇದ್ದರು. ಇತಿಹಾಸ, ಶಾಸನ, ಭೂಹಕ್ಕುಗಳ ವಿಷಯ ಕೂಡಿಸಲು ಅವನಿಗಿದ್ದ ಆಸರೆ ಕಾವಲಿ ಸಹೋದರರು ಮತ್ತು ಅವರು ಕಟ್ಟಿದ ತಂಡ.

ಬೋರಯ್ಯ ನಿಯೋಗಿ ಬ್ರಾಹ್ಮಣ ಮನೆತನದವನು. ಬರವಣಿಗೆ, ಲೆಕ್ಕ, ಕಚೇರಿ ಕೆಲಸ ಆ ಸಮುದಾಯದ ಕುಲಕಸುಬಿನಂತೆ ಬಂದದ್ದು. ಹಲವು ಭಾಷೆ ಬಲ್ಲವನಾಗಿದ್ದ. 1803ರಲ್ಲಿ, 26ರ ಹರೆಯದಲ್ಲೇ ತೀರಿಕೊಂಡ. ಆ ನಂತರ ತಮ್ಮ ಲಕ್ಷ್ಮಯ್ಯ ಹೊಣೆ ಹೊತ್ತ. ಇನ್ನೊಬ್ಬ ತಮ್ಮ ರಾಮಸ್ವಾಮಿಯೂ ಸೇರಿಕೊಂಡ. ಹಳಗನ್ನಡ ಶಾಸನಗಳಿಗೆ ಮಲೆಯೂರಿನ ಜೈನ ಧರ್ಮಯ್ಯ. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ಸೀಮೆಗಳಿಗೆ ನಾರಾಯಣರಾವ್, ಬಾಬಾರಾವ್, ನಿಟ್ಟಲ ನೈನ ಮೊದಲಾದವರು ಹೋದರು.

ಒಬ್ಬ ಸಹಾಯಕ ಊರಿಗೆ ಬಂದರೆ ಮೊದಲ ಕೆಲಸ ತಾಲೂಕಿನ ಅಧಿಕಾರಿ ಅಮಲ್ದಾರನನ್ನು ಕಾಣುವುದು. ಕೈಯಲ್ಲಿ ಪರವಾನಗಿ ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಪರವಾನಗಿ ಇದ್ದರೂ ಅನುಮಾನ ತಪ್ಪಿದ್ದಲ್ಲ: ಕಂದಾಯ ಏರಿಸಲು ಬಂದರೋ, ಇನಾಂ ಭೂಮಿ ಕಿತ್ತುಕೊಳ್ಳಲು ಬಂದರೋ? ಆಳ್ವಿಕೆ ಬದಲಾದ ಹೊಸತರಲ್ಲಿ ಈ ಭಯ ಸಹಜ. ಆಮೇಲೆ ಶಾನಭೋಗ, ಗೌಡ, ಅರ್ಚಕ, ಮಠದ ಅಧಿಕಾರಿ, ಹಳೆಯ ಪಾಳೆಯಗಾರರ ವಂಶದವರು ಇವರನ್ನು ಕೂಡಿಸುವುದು. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಾದವು: ಊರು ಯಾರು ಕಟ್ಟಿದರು, ಯಾವ ಯಾವ ದೊರೆಗಳು ಆಳಿದರು, ಕೋಟೆ ಕೆರೆ ದೇವಸ್ಥಾನ ಯಾರ ಕಾಲದವು, ಮಾನ್ಯದ ಭೂಮಿ ಎಷ್ಟು, ಶಾಸನ ಎಲ್ಲಿದೆ. ಉತ್ತರವನ್ನು ಬರೆದ ಬರಹವೇ ಕೈಫಿಯತ್ತು.

ಉತ್ತರದ ಆಧಾರ ಮೂರು ಬಗೆ. ಒಂದು ನೆನಪು. ಎರಡು ತಾಳೆಗರಿ. ಮೂರು ಕಡತ. ಕಡತವೆಂದರೆ ದಪ್ಪ ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಸಿದ ಪುಸ್ತಕ; ಕಪ್ಪು ಮೈಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಜೋಪಾನ ಮಾಡಿದರೆ ತಲೆಮಾರುಗಟ್ಟಲೆ ಬಾಳುತ್ತದೆ, ಗೆದ್ದಲ ಕಾಟವೂ ಕಡಿಮೆ. ಆದರೆ ಒರೆಸಿ ಮತ್ತೆ ಬರೆಯಬಹುದು. ಲೆಕ್ಕ ಇಡುವವನಿಗೆ ಇದು ಅನುಕೂಲ, ಇತಿಹಾಸ ಹುಡುಕುವವನಿಗೆ ತೊಂದರೆ, ಏಕೆಂದರೆ ಒರೆಸಿದ ಗುರುತು ನಕಲಿನಲ್ಲಿ ಬರುವುದಿಲ್ಲ.

ಕಲ್ಲಿನ ಶಾಸನ ಬೇರೆಯೇ ಕಷ್ಟ. ಕಾಗದ ಒತ್ತಿ ಅಚ್ಚು ತೆಗೆಯುವುದು ಆಗ ರೂಢಿಯಾಗಿರಲಿಲ್ಲ. ಬಹುಪಾಲು ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದುಕೊಳ್ಳಬೇಕು. ಹೊಯ್ಸಳರ ಕಾಲದ ಅಕ್ಷರ ಅಂದಿನ ಶಾನಭೋಗನಿಗೆ ಅಪರಿಚಿತ. ಜೈನ ಬಸದಿಗಳಲ್ಲಿ ಹಳೆಯ ಗ್ರಂಥಗಳನ್ನು ಓದುವ ಪಾಠಪರಂಪರೆ ಉಳಿದಿದ್ದರಿಂದ ಧರ್ಮಯ್ಯನಂಥವರಿಗೆ ಅದು ಸಾಧ್ಯವಾಯಿತು. ಅವನ ಓದು ಇಲ್ಲದಿದ್ದರೆ ಮೆಕೆಂಜಿಯ ಕನ್ನಡ ಶಾಸನಗಳ ನಕಲು ಬರೀ ಗೀಟುಗಳಾಗಿ ಉಳಿಯುತ್ತಿದ್ದವು. ಜೈನರ ಬಗ್ಗೆ ಯುರೋಪಿಗೆ ತಲುಪಿದ ಮೊದಮೊದಲ ವಿವರಣೆಗಳಲ್ಲಿ ಒಂದು ಹೀಗೆ ಬಂದದ್ದೇ. ಮುದ್ಗಿರಿಯ ಜೈನ ಗುರುವೊಬ್ಬನ ಹೇಳಿಕೆಯನ್ನು ಬೋರಯ್ಯ ಇಂಗ್ಲಿಷಿಗೆ ತಂದ. ಏಷ್ಯಾಟಿಕ್ ಸೊಸೈಟಿಯ ಸಂಶೋಧನಾ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅನುವಾದಕನಾಗಿ ಅವನ ಹೆಸರೂ ಅಚ್ಚಾಗಿದೆ. ಹೆಸರು ಅಚ್ಚಾದ ಅದೃಷ್ಟ ಎಲ್ಲರಿಗೂ ಸಿಗಲಿಲ್ಲ.

ಕೂಡಿಸಿದ್ದು ತಂಡದ ಬಿಡಾರಕ್ಕೆ ಬಂದ ಮೇಲೆ ಶುದ್ಧಪ್ರತಿ, ಆಮೇಲೆ ಇಂಗ್ಲಿಷ್ ಕರಡು, ಆಮೇಲೆ ಇಂಗ್ಲಿಷ್ ತಿದ್ದುಪಡಿ. ದೂರದ ಸೀಮೆಯಲ್ಲಿರುವ ಸಹಾಯಕರು ಎಲ್ಲಿ ಹೋದೆ, ಯಾರನ್ನು ಕಂಡೆ, ಏನು ಸಿಕ್ಕಿತು, ಯಾರು ಕೊಡಲಿಲ್ಲ ಎಂದು ತಿಂಗಳ ವರದಿ ಕಳುಹಿಸಬೇಕು. ನನ್ನ ಲೆಕ್ಕದಲ್ಲಿ ಈ ತಿಂಗಳ ವರದಿಗಳೇ ಇಡೀ ಸಂಗ್ರಹದ ಅತ್ಯಂತ ಬೆಲೆಯುಳ್ಳ ಭಾಗ. ಕೈಫಿಯತ್ತು ಊರಿನ ಬಗ್ಗೆ ಹೇಳುತ್ತದೆ. ಈ ವರದಿ ಕೈಫಿಯತ್ತು ಹುಟ್ಟಿದ ಬಗ್ಗೆ ಹೇಳುತ್ತದೆ.

ಈ ತಂಡ ಬಂದು ಹೋದ ಮೇಲೆ ಊರಿನಲ್ಲೂ ಏನೋ ಉಳಿಯುತ್ತಿತ್ತು. 1804ರಲ್ಲಿ ಮೆಕೆಂಜಿಯ ತಂಡ ಮಲೆಯೂರಿನ ಕನಕಗಿರಿಗೆ ಬಂದಾಗ ಅಲ್ಲಿನ ಜೈನ ವಿದ್ವಾಂಸ ದೇವಚಂದ್ರ ತನ್ನಲ್ಲಿದ್ದ ಬರಹಗಳನ್ನು ತೋರಿಸಿದ, ಕೆಲಕಾಲ ತಂಡದ ಜೊತೆಗಿದ್ದ. ಹಳೆಯ ವೃತ್ತಾಂತಗಳನ್ನು ಕೂಡಿಸುವ ಆ ಕೆಲಸ ಬೆಳೆದು ದಶಕಗಳ ನಂತರ ಅವನ ‘ರಾಜಾವಳಿ ಕಥೆ’ಯಾಯಿತು.

ಎಲ್ಲಿ ತಪ್ಪುತ್ತಿತ್ತು

ಕಾಲದ ಲೆಕ್ಕ ಮೊದಲನೆಯದು. ಊರಿನವರು ಸಂವತ್ಸರದ ಹೆಸರು ಹೇಳುತ್ತಾರೆ. ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಸಿದ್ಧಾರ್ಥಿ ಎಂದಷ್ಟೇ ಬರೆದಿದ್ದರೆ ಅದು 1799 ಆಗಬಹುದು, 1739 ಆಗಬಹುದು, 1679 ಆಗಬಹುದು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿದರೆ ಕ್ರಿಸ್ತಶಕ: ಶಕ 1721 ಎಂದರೆ 1799. ಆದರೆ ಮಾಘ, ಫಾಲ್ಗುಣಗಳಲ್ಲಿ ನಡೆದದ್ದಕ್ಕೆ 79 ಕೂಡಿಸಬೇಕು, ಆ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಗತ ಶಕವೋ (ಮುಗಿದ ವರ್ಷಗಳ ಎಣಿಕೆ) ವರ್ತಮಾನ ಶಕವೋ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ) ಎಂಬುದರಲ್ಲಿ ಮತ್ತೊಂದು ವರ್ಷದ ವ್ಯತ್ಯಾಸ. ಟಿಪ್ಪುವಿನ ಕಚೇರಿಯ ಕಾಗದವಾದರೆ ಇನ್ನೂ ಕಷ್ಟ. ಅವನ ಮೌಲೂದಿ ಶಕೆಯಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. 1224 ಎಂಬುದು ನಮ್ಮ ಕಣ್ಣಿಗೆ 4221 ಆಗಿ ಕಾಣುತ್ತದೆ.

ಹಣದ ಲೆಕ್ಕ ಎರಡನೆಯದು. ಮೈಸೂರಿನಲ್ಲಿ 10 ಕಂಠೀರಾಯ ಹಣಕ್ಕೆ ಒಂದು ವರಹ. ಮದರಾಸಿನ ಲೆಕ್ಕದಲ್ಲಿ 42 ಹಣಕ್ಕೆ ಒಂದು ನಕ್ಷತ್ರ ವರಹ, ಅಂದರೆ ಮೂರೂವರೆ ರೂಪಾಯಿ. ಇಕ್ಕೇರಿ ವರಹ, ಬಹದ್ದೂರಿ ವರಹಗಳ ತೂಕ ಬೆಲೆ ಮತ್ತೆ ಬೇರೆ. ಯಾವ ಹಣ ಎಂದು ಬರೆಯದೆ ಬರೀ ‘ಹಣ’ ಎಂದು ನಕಲು ಮಾಡಿದ ಗುಮಾಸ್ತ ನಾಲ್ಕು ಪಟ್ಟಿನ ತಪ್ಪಿಗೆ ದಾರಿ ಮಾಡಿಕೊಟ್ಟ ಹಾಗೆ.

ಭೂಮಿಯ ಅಳತೆಯೂ ಹಾಗೆಯೇ. ಖಂಡುಗ ಎಂದರೆ 20 ಕೊಳಗ ಬೀಜ ಬಿತ್ತುವಷ್ಟು ನೆಲ. ಹೊಲಕ್ಕೆ ಬೀಜ ತೆಳುವಾಗಿ ಬೀಳುತ್ತದೆ, ಗದ್ದೆಗೆ ದಟ್ಟವಾಗಿ. ಆದ್ದರಿಂದ ಒಂದು ಖಂಡುಗ ಹೊಲ ಒಂದು ಖಂಡುಗ ಗದ್ದೆಗಿಂತ ಹಲವು ಪಟ್ಟು ದೊಡ್ಡದು. ಇದನ್ನು ಒಂದೇ ಅಂಕಿಯಿಂದ ಎಕರೆಗೆ ತಿರುಗಿಸಿದರೆ ಎರಡರಲ್ಲೊಂದು ತಪ್ಪಾಗಲೇಬೇಕು. ಸರ್ವಮಾನ್ಯ, ಜೋಡಿ, ಕೊಡಗೆ, ಉಂಬಳಿ ಇವುಗಳನ್ನೆಲ್ಲ ಇಂಗ್ಲಿಷಿನಲ್ಲಿ ‘ದಾನದ ಭೂಮಿ’ ಎಂದು ಒಂದೇ ಚೀಲಕ್ಕೆ ತುಂಬಿದ್ದು ಇನ್ನೂ ದೊಡ್ಡ ನಷ್ಟ. ಸರ್ವಮಾನ್ಯಕ್ಕೆ ಕಂದಾಯವಿಲ್ಲ, ಜೋಡಿಗೆ ಕಡಿಮೆ ಕಂದಾಯ ಉಂಟು, ಕೊಡಗೆಗೆ ಕೆರೆ ಕಟ್ಟಿದ್ದು, ಯುದ್ಧದಲ್ಲಿ ಸತ್ತದ್ದು ಇಂಥ ಕಾರಣವಿರುತ್ತದೆ, ಉಂಬಳಿ ಸೇವೆಗೆ ಕಟ್ಟುಬಿದ್ದದ್ದು.

ಕಣ್ಣಿಗೆ ಬೀಳದ ತಪ್ಪು ಒಂದಿದೆ. ಊರಿನ ಹಿರಿಯ ‘ಕೋಟೆ ಕಟ್ಟಿಸಿದನಂತೆ’ ಎನ್ನುತ್ತಾನೆ. ಕೇಳಿದ ಮಾತು, ಕಂಡದ್ದಲ್ಲ ಎಂಬ ಎಚ್ಚರ ಅವನ ಕ್ರಿಯಾಪದದಲ್ಲೇ ಇದೆ. ಕೈಫಿಯತ್ತಿನಲ್ಲಿ ಅದು ‘ಕಟ್ಟಿಸಿದನು’ ಆಗುತ್ತದೆ, ಇಂಗ್ಲಿಷಿನಲ್ಲಿ ಇಸವಿ ಸಮೇತ ಘಟನೆಯಾಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಐತಿಹ್ಯ ಇತಿಹಾಸವಾಗಿಬಿಟ್ಟಿತು.

ಬೇಕೆಂದೇ ಮಾಡಿದ ತಪ್ಪುಗಳೂ ಇದ್ದವು. ಶಾಸನವೆಂದರೆ ಭೂಹಕ್ಕಿನ ಪತ್ರ. ಹೊಸ ಸರಕಾರ ಇನಾಂಗಳನ್ನು ಪರಿಶೀಲಿಸುತ್ತಿರುವಾಗ ತಾಮ್ರಪಟ ತೋರಿಸಿದವನಿಗೆ ಲಾಭ. ಶಿವಮೊಗ್ಗ ಸೀಮೆಯ ಅಗ್ರಹಾರಗಳಲ್ಲಿ ಮಹಾಭಾರತದ ಜನಮೇಜಯನೇ ಕೊಟ್ಟನೆಂಬ ತಾಮ್ರಶಾಸನಗಳು ಸಿಕ್ಕವು. ಅವುಗಳಲ್ಲಿ ಒಂದನ್ನು ಕೋಲ್‌ಬ್ರೂಕ್ ಪ್ರಕಟಿಸಿದ; ಮುಂದೆ ಶಾಸನತಜ್ಞರು ಅವು ಕೂಟಶಾಸನಗಳು, ಅಂದರೆ ನಕಲಿ ಶಾಸನಗಳು, ಎಂದು ತೀರ್ಮಾನಿಸಿದರು. ಕೈಫಿಯತ್ತು ಬರೆಸಿದವರಿಗೂ ಇದೇ ಲೆಕ್ಕಾಚಾರ ಇರಬಹುದಾಗಿತ್ತು. ಒಂದು ಮಠದ ಕೈಫಿಯತ್ತಿನಲ್ಲಿ ದಾನಗಳ ವಿವರ ಬಹಳ ದೀರ್ಘವಾಗಿದ್ದರೆ ಆ ಮಠಕ್ಕೆ ಆಗ ಯಾವ ಭೂಮಿಯ ತಂಟೆ ಇತ್ತು ಎಂದು ಮೊದಲು ನೋಡಬೇಕು.

ಮೆಕೆಂಜಿ ಹೋದ ಮೇಲೆ

ಅವನ ಮರಣಾನಂತರ ಕಂಪನಿ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಅವನ ಹೆಂಡತಿಯಿಂದ ಕೊಂಡಿತು. ಕೆಲಸ ಮುಂದುವರಿಸಲು ಲಕ್ಷ್ಮಯ್ಯ ಅವಕಾಶ ಕೇಳಿದ. ಸುಮಾರು ಎರಡು ದಶಕ ತಂಡವನ್ನು ನಡೆಸಿದವನು, ಯಾವ ಕಟ್ಟಿನಲ್ಲಿ ಏನಿದೆ ಎಂದು ಬಲ್ಲವನು. 1830ರ ದಶಕದಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ಜೇಮ್ಸ್ ಪ್ರಿನ್ಸೆಪ್ ಕೊಟ್ಟ ಅಭಿಪ್ರಾಯವೆಂದರೆ, ಸಹಾಯಕನಾಗಿ ಅವನು ಯೋಗ್ಯ, ಸ್ವತಂತ್ರವಾಗಿ ನಡೆಸಲು ಸಾಲದು ಎಂಬುದು. ಕೆಲಸ ಪಾದ್ರಿ ವಿಲಿಯಂ ಟೇಲರ್‌ಗೆ ಹೋಯಿತು. ಇದು ಅನ್ಯಾಯ, ವಿದ್ಯೆಗೂ ನಷ್ಟ. ತಂಡದ ಒಳಗಿನ ತಿಳಿವಳಿಕೆ, ಅಂದರೆ ಯಾವ ಶಾನಭೋಗ ನಂಬಿಕಸ್ಥ, ಯಾವ ನಕಲು ಅವಸರದ್ದು ಎಂಬುದು ಲಕ್ಷ್ಮಯ್ಯನ ತಲೆಯಲ್ಲಿತ್ತು, ಸೂಚಿಗಳಲ್ಲಿ ಇರಲಿಲ್ಲ.

ಈಗ ಈ ದಾಖಲೆ ಬಳಸುವವರಿಗೆ ದಾರಿ ಹೀಗೆ. ಇಂಗ್ಲಿಷ್ ಅನುವಾದಗಳು, ಚಿತ್ರಗಳು ಬಹುಪಾಲು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ದಕ್ಷಿಣದ ಭಾಷೆಗಳ ಮೂಲಗಳು ಚೆನ್ನೈನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದಿದ್ದಾರೆ. ಮೊದಲು ಅಲ್ಲಿ ನೋಡಿ. ಲಂಡನ್ನಿನ ಸೂಚಿಯಲ್ಲಿ ಹುಡುಕುವಾಗ ಹೆಸರುಗಳನ್ನು ಅಂದಿನ ಕಾಗುಣಿತದಲ್ಲಿ ಹಾಕಬೇಕು: ಶ್ರೀರಂಗಪಟ್ಟಣ ‘ಸೆರಿಂಗಪಟಮ್’, ಚಿತ್ರದುರ್ಗ ‘ಚಿಟಲ್‌ಡ್ರೂಗ್’, ಬೋರಯ್ಯ ‘ಬೋರಿಯ’, ಲಕ್ಷ್ಮಯ್ಯ ‘ಲೆಚ್ಮಿಯ’. ಕನ್ನಡ ಮೂಲ ಮತ್ತು ಇಂಗ್ಲಿಷ್ ಅನುವಾದ ಎರಡೂ ಸಿಕ್ಕರೆ ಪಕ್ಕಪಕ್ಕ ಇಟ್ಟು ಇಸವಿ, ಹಣ, ಅಳತೆ ಈ ಮೂರನ್ನು ಮೊದಲು ತಾಳೆ ನೋಡಿ. ಆಮೇಲೆ ಬರಹದ ತಲೆಭಾಗ, ಕೊನೆಭಾಗಗಳಲ್ಲಿ ಯಾರು ಬರೆಸಿದರು, ಯಾರು ಬರೆದರು ಎಂಬುದನ್ನು ಗುರುತಿಸಿಕೊಂಡು, ಆ ಸಹಾಯಕ ಆ ಊರಿಗೆ ಹೋದ ತಿಂಗಳ ವರದಿಯನ್ನು ಹುಡುಕಿ. ಅವನು ಅಲ್ಲಿ ಎಷ್ಟು ದಿನ ಇದ್ದ, ಯಾರನ್ನು ಕಂಡ, ಯಾವ ಕಡತ ಕೇಳಿದರೂ ಸಿಗಲಿಲ್ಲ ಎಂಬುದು ಅದರಲ್ಲಿದ್ದರೆ, ಕೈಫಿಯತ್ತಿನ ಯಾವ ಭಾಗಕ್ಕೆ ಕಾಗದದ ಆಧಾರವಿತ್ತು, ಯಾವುದು ಬಾಯಿಮಾತು ಎಂದು ಬೇರ್ಪಡಿಸಲು ಬರುತ್ತದೆ.